ಹರಳು ಹಿಡಿಯುವ ಕಣಜ

ಸತ್ತವರ ಕಿಡ್ನಿಯನ್ನು ಮಂಜುಗಡ್ಡೆಯಿಲ್ಲದೆ, ಕರೆಂಟಿಲ್ಲದೆ, ಉಪ್ಪಿನಕಾಯಿ ಭರಣಿಯ ಹಾಗೆ ತೊಡೆಯ ಮೇಲಿಟ್ಟುಕೊಂಡು ವಾರಗಟ್ಟಲೆ ರೈಲಿನಲ್ಲಿ ಒಯ್ಯಬಹುದು ಎಂದು ಹಿಂದೆ ಯಾರಾದರೂ ಹೇಳಿದ್ದರೆ, ಕೇಳಿದವರು ಅವರ ಹಣೆ ಮುಟ್ಟಿ ಜ್ವರ ನೋಡುತ್ತಿದ್ದರು. ಈಗ ಅದು ಯಾರಿಗೂ ಸೋಜಿಗವಲ್ಲ. ಜೀವಪೆಟ್ಟಿಗೆ ಎಂಬ ಹೆಸರಿನ ಆ ಡಬ್ಬಿಯನ್ನು ಬಸ್ಸಿನ ಕಂಡಕ್ಟರುಗಳು ಕೂಡ ಗುರುತು ಹಿಡಿದು ಮುಂದಿನ ಸೀಟು ಬಿಡಿಸಿಕೊಡುತ್ತಾರೆ. ಅದರೊಳಗಿನ ದ್ರವದ ಗುಟ್ಟು ಸಿಕ್ಕಿದ್ದು ಬಾದಾಮಿ ಸೀಮೆಯ ಕೆಂಪು ಗುಡ್ಡದಲ್ಲಿ ಮರಳು ಕೆದರಿಕೊಂಡಿದ್ದ ಒಂದು ಹುಳದ ಹತ್ತಿರ.

ಕಣಜ ಎಂದ ಕೂಡಲೇ ನಮಗೆ ನೆನಪಾಗುವುದು ಜಂತಿಗೆ ಗೂಡು ಕಟ್ಟಿ, ದಂಡುಗಟ್ಟಿ ಬಂದು ಮುಖ ಊದಿಸಿ ಹೋಗುವವು. ಇದು ಆ ಪೈಕಿಯಲ್ಲ. ತೋಡುಕಣಜಕ್ಕೆ ರಾಣಿಯಿಲ್ಲ, ದಂಡಿಲ್ಲ, ಅತ್ತೆಯಿಲ್ಲ, ನೆರೆಮನೆಯಿಲ್ಲ. ಹೆಣ್ಣು ಒಬ್ಬಳೇ ಮರಳಲ್ಲಿ ಬಿಲ ತೋಡುತ್ತಾಳೆ, ಒಬ್ಬಳೇ ಹೋಗಿ ಮಿಡತೆ ಹಿಡಿದು ಕುಟುಕುತ್ತಾಳೆ. ಕುಟುಕಿಸಿಕೊಂಡ ಮಿಡತೆ ಸಾಯುವುದಿಲ್ಲ, ಕೊಳೆಯುವುದಿಲ್ಲ, ಮಿಸುಕುವುದೂ ಇಲ್ಲ. ಅದನ್ನು ಬಿಲದೊಳಕ್ಕೆ ಎಳೆದೊಯ್ದು, ಮೇಲೊಂದು ಮೊಟ್ಟೆಯಿಟ್ಟು, ಬಾಗಿಲು ಮುಚ್ಚಿ ಹೊರಟುಬಿಡುತ್ತಾಳೆ. ಮೊಟ್ಟೆಯೊಡೆದು ಬಂದ ಮರಿಗೆ ತಾಜಾ ಊಟ ತಯಾರು. ಆ ನಿದ್ದೆಯ ವಿಷವನ್ನು ತಿಳಿಗೊಳಿಸಿ ಅದರಲ್ಲಿ ಕಿಡ್ನಿಯನ್ನು ಮುಳುಗಿಸಿದರೆ, ಕಿಡ್ನಿಯ ಕಣಕಣವೂ ಮಲಗುತ್ತದೆ. ಬಿಸಿ ರಕ್ತ ಹರಿಸಿದಾಗ ಎದ್ದು ಕೂರುತ್ತದೆ. ಜೀವಪೆಟ್ಟಿಗೆಯೆಂದರೆ ಇಷ್ಟೇ.

ಗುಡ್ಡದ ಬುಡದಲ್ಲಿ ಕಟ್ಟಿದ ಕೀಟಧಾಮದಲ್ಲಿ ಡಾ. ಕಾಳವ್ವ ಪತ್ತಾರ ಎಂಬ ವಿಜ್ಞಾನಿ ಇದ್ದಳು. ಐವತ್ತು ದಾಟಿದವಳು, ಸಿಟ್ಟು ಮೂಗಿನ ತುದಿಯಲ್ಲೇ. ಹುಳಗಳನ್ನು ವಿಂಗಡಿಸಿ ಹೆಸರಿಡುವುದು ಅವಳ ವಿದ್ಯೆ. ಗುರುತುಯಂತ್ರ ಬಂದ ಮೇಲೆ ಆ ವಿದ್ಯೆಗೆ ಗಿರಾಕಿಯಿಲ್ಲದಾಯಿತು. ಸತ್ತ ಹುಳದ ಒಂದು ಕಾಲು ಕೊಟ್ಟರೆ ಸಾಕು, ಯಂತ್ರ ವಂಶವಾಹಿ ಓದಿ, ದಿಲ್ಲಿಯ ಸರಕಾರಿ ಹುಳಪಟ್ಟಿಯೊಂದಿಗೆ ತಾಳೆ ನೋಡಿ ಹೆಸರು ಉಗುಳುತ್ತಿತ್ತು. ಕಾಳವ್ವಳನ್ನು ತೆಗೆಯಲು ಧೈರ್ಯ ಸಾಲದೆ ಸಂಸ್ಥೆಯವರು ಅವಳನ್ನು ಕಣಜ ಸಾಕುವ ಮರಳುಪಾತಿಗಳ ಉಸ್ತುವಾರಿಗೆ ಹಾಕಿದ್ದರು.

ಗುಡ್ಡದಲ್ಲಿ ನೋಡಲು ಒಂದೇ ತರಹದ ಎರಡು ಬೇರೆ ಪ್ರಭೇದಗಳಿವೆ ಎಂದು ಅವಳು ಹರೆಯದಲ್ಲೇ ಬರೆದಿದ್ದಳು. ಒಂದು, ಬಿಲ ಮುಚ್ಚುವಾಗ ಹೆಸರುಕಾಳಿನಷ್ಟು ಹರಳನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಗುಂಯ್ ಎಂದು ಮೈ ನಡುಗಿಸುತ್ತ, ಗಾರೆಯವರು ನೆಲ ಬಡಿದಂತೆ ಮಣ್ಣು ಬಡಿಯುತ್ತದೆ. ಇನ್ನೊಂದಕ್ಕೆ ಹರಳಿನ ಗೊಡವೆಯಿಲ್ಲ. ಬರಿ ಹಣೆಯಿಂದ ಮರಳು ದಬ್ಬಿ ಹೋಗಿಬಿಡುತ್ತದೆ. ಯಂತ್ರ ಎರಡರ ಕಾಲನ್ನೂ ಓದಿ ಒಂದೇ ಎಂದಿತು. ಸತ್ತ ಕಾಲಿಗೆ ಬದುಕಿದ್ದಾಗಿನ ಕಸುಬು ಹೇಗೆ ಗೊತ್ತಾಗಬೇಕು ಎಂದು ಅವಳು ಕೂಗಾಡಿದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿಯವರು ಪಟ್ಟಿಯನ್ನು ನಂಬಿದರು.

ಉದ್ದ ರಜೆ ಮುಗಿಸಿ ಬಂದ ದಿನ ಮಧ್ಯಾಹ್ನ ಅವಳು ಪಾತಿಗಳ ನಡುವೆ ನಿಂತಾಗ ಏನೋ ಕೊರತೆ ಎನಿಸಿತು. ಕಣಜಗಳಿದ್ದವು, ಮಿಡತೆಗಳಿದ್ದವು, ಬಿಲಗಳಿದ್ದವು. ಸದ್ದಿರಲಿಲ್ಲ. ಬಾಗಿಲು ಬಡಿಯುವ ಆ ಗುಂಯ್ಗುಟ್ಟುವಿಕೆ ಒಂದು ಪಾತಿಯಲ್ಲೂ ಇಲ್ಲ. ಬಗ್ಗಿ ನೋಡಿದಳು. ಒಂದು ಕಣಜ ಹಣೆಯಿಂದ ಮರಳು ದಬ್ಬಿ ಬಿಲ ಮುಚ್ಚಿತು. ಪಕ್ಕದ್ದೂ ಹಾಗೆಯೇ ಮಾಡಿತು, ಅದರಾಚೆಯದೂ ಹಾಗೆಯೇ. ಅವಳು ಮುಷ್ಟಿ ತುಂಬ ಮರಳು ತೆಗೆದುಕೊಂಡಳು. ಬೆರಳ ಸಂದಿನಿಂದ ಅದು ಹಿಟ್ಟಿನಂತೆ ಸುರಿದುಹೋಯಿತು; ಒಂದು ಹರಳೂ ಕೈಯಲ್ಲಿ ಉಳಿಯಲಿಲ್ಲ.

"ಮರಳು ಸೋಸಿದವರು ಯಾರ್ರಿ?" ಎಂದು ಅವಳು ನಿರ್ದೇಶಕ ಗಲಗಲಿಯವರ ಕೋಣೆಗೆ ನುಗ್ಗಿ ಕೇಳಿದಳು.

ವಿದ್ಯಾಧರ ಗಲಗಲಿ ಕೆಟ್ಟ ಮನುಷ್ಯನಲ್ಲ, ಅಚ್ಚುಕಟ್ಟಿನ ಹುಚ್ಚಿದ್ದವರು. "ನಾನ ಸೋಸಾಕ ಹೇಳಿದ್ದು. ಹೋದ ವರ್ಷ, ನೀವು ರಜಾ ಹೋದ ಕೂಡ್ಲೆ. ಹರಳು ಸಿಕ್ಕೊಂಡು, ಬಿಲದಾಗಿನ ಮರಿಗೂಡು ಹೀರಿ ತಗಿಯೂ ಮಷೀನು ಕೆಡ್ತಿತ್ತು. ಅದೂ ಅಲ್ದ ದಿಲ್ಲಿ ಮಂದಿ ನೋಡಾಕ ಬರೋರಿದ್ರು. ಈಗ ನೋಡ್ರಿ, ಪಾತಿ ಹೆಂಗ ಚಂದ ಕಾಣ್ತಾವ!"

ಜೀವಪೆಟ್ಟಿಗೆಯ ವಿಷ ಮೊದಲಿಂದಲೂ ಹರಳಿನ ಕಣಜದ್ದು. ಹರಳಿಲ್ಲದ ಮರಳಲ್ಲಿ ಹರಳಿನ ಕಣಜ ಬಿಲವನ್ನೇ ತೋಡುವುದಿಲ್ಲ. ಹಣೆಯ ಕಣಜಕ್ಕೆ ಅದೇ ಸ್ವರ್ಗ. ಒಂದು ಜರಡಿ ಒಂದು ವಂಶವನ್ನು ಹೊರಗೆ ಹಾಕಿ ಇನ್ನೊಂದನ್ನು ಒಳಗೆ ತುಂಬಿತ್ತು. ಗುರುತುಯಂತ್ರ ಮಾತ್ರ ಪ್ರತಿ ತಿಂಗಳೂ ಅದೇ ಹೆಸರು, ಅದೇ ಹೆಸರು ಎನ್ನುತ್ತಿತ್ತು. ದೂರದ ಎರಡು ಆಸ್ಪತ್ರೆಗಳಲ್ಲಿ ಇತ್ತೀಚೆಗೆ ಕಿಡ್ನಿಗಳು ಮೈಯೊಳಗೆ ಏಳದೆ ಹೋಗಿದ್ದವು. ಕೂರಿಸಿದ ವೈದ್ಯರ ಕೈಗುಣ ಎಂದು ಎಲ್ಲರೂ ಸುಮ್ಮನಾಗಿದ್ದರು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಗಂಡ ಮಾನಪ್ಪ. "ಡಾಕ್ಟರವ್ವಾ, ನನ್ನ ಕಿಡ್ನಿ ಬಂತಂತ! ನಿಮ್ಮದ ಪೆಟ್ಟಿಗಿ, ಪಟ್ನಾದಿಂದ ಕೂತ್ಕೊಂಡು ಬಂದೈತಿ. ನಾಡಿದ್ದು ಮುಂಜಾನೆ ಬಾಗಲಕೋಟಿಗೆ ಬಾ ಅಂದಾರ."

ಮಾನಪ್ಪ ಅಕ್ಕಸಾಲಿಗ. ಎರಡೂ ಕಿಡ್ನಿ ಸೋತು ವಾರಕ್ಕೆರಡು ಸಲ ರಕ್ತ ತೊಳೆಸಿಕೊಂಡು ಬದುಕಿದ್ದ. ಸರದಿಯಲ್ಲಿ ನಿಂತು ಬಹಳ ಕಾಲವಾಗಿತ್ತು. ಮುಂದಿನ ಸರದಿಗೆ ಉಳಿದಿರುತ್ತಾನೆಂದು ಯಾರೂ ಬರೆದುಕೊಡುವಂತಿರಲಿಲ್ಲ.

ಅವಳು ಮನೆಗೆ ಬಂದಾಗ ನಾದಿನಿ ಈರಮ್ಮ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಅಣ್ಣನಿಗೆ ಎರಡನೆಯ ಹುಟ್ಟು ಎಂದು ಓಣಿಗೆಲ್ಲ ಹೇಳಿಬಂದಿದ್ದಳು. ಮಾನಪ್ಪ ಊದಿದ ಪಾದಗಳನ್ನು ಮಣೆಯ ಮೇಲಿಟ್ಟುಕೊಂಡು ಕುಳಿತಿದ್ದ. ಹೆಂಡತಿಯ ಮುಖ ನೋಡಿಯೇ ಅವನಿಗೆ ತಿಳಿಯಿತು.

"ಏನ್ ಕೆಡಿಸ್ಕೊಂಡು ಬಂದಿ?"

ಕಾಳವ್ವ ಮುಚ್ಚಿಡುವವಳಲ್ಲ. ಎಲ್ಲವನ್ನೂ ಹೇಳಿದಳು. "ಆ ಪೆಟ್ಟಿಗಿಯೊಳಗಿನ ಕಿಡ್ನಿ ಏಳಂಗಿಲ್ಲ ಅಂತ ನನ್ನ ಲೆಕ್ಕ. ಏಳಲಾರದ್ದನ್ನ ನಿಮ್ಮ ಹೊಟ್ಟ್ಯಾಗ ಇಟ್ರ, ಅದು ಒಳಗ ಕೊಳಿತೈತಿ. ಈಗಿನ ಮೈಯಾಗ ನೀವು ಅದನ್ನ ತಡಿಯಂಗಿಲ್ಲ."

ಈರಮ್ಮ ರುಬ್ಬುವುದನ್ನು ನಿಲ್ಲಿಸಿದಳು. "ನಿನಗ ಗಂಡಗಿಂತ ಹುಳ ಹೆಚ್ಚಾತೇನ? ಮಷೀನು ಒಂದ ಅಂತೈತಿ, ಸರಕಾರ ಒಂದ ಅಂತೈತಿ, ನೀ ಒಬ್ಬಾಕಿನ ಎರಡು ಅಂತೀದಿ. ತಪ್ಪಾತಂದ್ರ?"

"ತಪ್ಪಾಗ್ಲಿ ಅಂತನ ಬೇಡ್ಕೊಳ್ಳಾಕತ್ತೀನಿ" ಎಂದಳು ಕಾಳವ್ವ. ಅದು ಸುಳ್ಳಾಗಿರಲಿಲ್ಲ. ಇಷ್ಟು ವರ್ಷ ತನ್ನ ಮಾತೇ ಸರಿಯಾಗಲಿ ಎಂದು ಹಲ್ಲು ಕಚ್ಚಿದ್ದವಳು ಅಂದು ಮೊದಲ ಸಲ ತಾನು ಸೋಲಲಿ ಎಂದು ಮನಸಾರೆ ಹಾರೈಸಿದಳು.

ಮಾನಪ್ಪ ನಕ್ಕ. "ಅಕ್ಕಸಾಲಿ ಅಕ್ಕನ ಬಂಗಾರಾನೂ ಬಿಡಂಗಿಲ್ಲ ಅಂತಾರ. ಅಕ್ಕಸಾಲಿ ಹೆಂಡತಿ ಗಂಡನ ಕಿಡ್ನೀನೂ ಬಿಡವಲ್ಲಳು ನೋಡು ಈರಿ." ಆಮೇಲೆ ನಗು ಬಿಟ್ಟು ಕೇಳಿದ, "ಒರಿಗೆ ಹಚ್ಚಿ ನೋಡಾಕ ಬರ್ತೈತೇನು?"

ಮರುದಿನ ಬೆಳಿಗ್ಗೆ ಕಾಳವ್ವ ಗುಡ್ಡದಿಂದ ಒಂದು ಬೋಗುಣಿ ಹರಳು ಆರಿಸಿಕೊಂಡು ಬಂದು ಕೀಟಧಾಮದಲ್ಲಿ ವಿಷ ಪರೀಕ್ಷಿಸುವ ಕೋಣೆಯವರನ್ನೆಲ್ಲ ಪಾತಿಯ ಸುತ್ತ ನಿಲ್ಲಿಸಿದಳು. ಗಲಗಲಿಯವರೂ ಬಂದರು. ಅವಳು ಜೋಳ ಬಿತ್ತಿದ ಹಾಗೆ ಹರಳುಗಳನ್ನು ಮರಳ ಮೇಲೆ ಚೆಲ್ಲಿದಳು. ಎಲ್ಲರೂ ಕಾದರು. ಒಂದು ಕಣಜ ಮಿಡತೆಯನ್ನು ಒಳಗೆಳೆದು, ಹೊರಬಂದು, ಹರಳಿನ ಮೇಲೆ ಹತ್ತಿ ಇಳಿಯಿತು; ಹಣೆಯಿಂದ ಮರಳು ದಬ್ಬಿತು. ಇನ್ನೊಂದಕ್ಕೆ ಹರಳು ಅಡ್ಡ ಬಂತು, ಅದನ್ನು ಕಾಲಿನಿಂದ ಆಚೆ ಒದ್ದಿತು. ಒಂದಾದರೂ ದವಡೆ ತೆರೆಯಲಿಲ್ಲ.

"ಆತು, ಹರಳು ಹಿಡೀಲಿಲ್ಲ. ಅದಕ್ಕೇನು? ಇಲ್ಲಿ ಹುಟ್ಟಿ ಬೆಳೆದಾವು, ಹರಳ ಕಂಡಿಲ್ಲ, ಮರತಾವು" ಎಂದರು ಗಲಗಲಿ.

"ಮರ್ಯಾಕ ಯಾರಾರ ಕಲಿಸಿದ್ರೇನು?" ಕಾಳವ್ವಳ ದನಿ ಏರಿತು. "ನಮ್ಮ ಮನ್ಯಾಗ ಅಪ್ಪ ಮಗಗ ಊದೋಕೊಳವಿ ಹಿಡ್ಯಾಕ ಕಲಿಸ್ತಾನ, ಅಪ್ಪ ಬಿಟ್ರ ಮಗ ಮರಿತಾನ. ಈ ಹುಳ ಹುಟ್ಟೂ ಹೊತ್ತಿಗೆ ತಾಯಿ ಸತ್ತು ಮಣ್ಣಾಗಿರ್ತಾಳ. ಅಕ್ಕ ಇಲ್ಲ, ತಂಗಿ ಇಲ್ಲ, ಓಣಿಯಿಲ್ಲ. ಕತ್ತಲ ಬಿಲದಾಗ ಒಂದ ಹುಟ್ಟಿ, ಒಂದ ಹೊರಗ ಬಂದು, ಯಾರನ್ನೂ ನೋಡದ ತನ್ನ ಕೆಲಸ ಮಾಡ್ತೈತಿ. ಯಾರೂ ಕಲಿಸದ ಕಸುಬು ಮರ್ಯಾಕ ಹೆಂಗ ಬರ್ತೈತ್ರಿ? ಹರಳು ಕಂಡೂ ಹಿಡೀಲಿಲ್ಲಂದ್ರ, ಇದು ಆ ಹುಳ ಅಲ್ಲ."

ಕಾಳವ್ವ ಪರೀಕ್ಷೆಯ ಕೋಣೆಯವರ ಕಡೆಗೆ ತಿರುಗಿದಳು. ಅವಳು ಬಿಡಲಿಲ್ಲ.

"ಹರಳಿನದು ಬಾಗಿಲ ಗಟ್ಟಿ ಬಡಿತೈತಿ. ಒಳಗಿನ ಮಿಡತಿ ಮುಂದ ಎಂದೋ ಎಚ್ಚರಾದ್ರೂ ಹೊರಗ ಬರಾಕ ಆಗಂಗಿಲ್ಲ. ಅದಕ್ಕ ಅದರ ವಿಷ ಬರೇ ಜೋಗುಳ. ಹಣಿ ಹುಳದ ಬಾಗಿಲ ಸಡ್ಲು. ಮಿಡತಿ ಎದ್ರ ಹೊಂಟ ಹೋತು. ಅದಕ್ಕ ಇದು ಮತ್ತ ಏಳದಂಗ ಮಲಗಿಸ್ತೈತಿ. ಬಾಗಿಲಕ್ಕ ತಕ್ಕ ವಿಷ. ಮೊದಲ ಎಲ್ಲಾ ವಿಷ ಹಾಕಿದ ಮಿಡತಿ ಏಳೂತನಕ ಕಾಯ್ತಿದ್ವಿ. ಅದಕ್ಕ ತಿಂಗಳು ಬೇಕಂತ ನೀವು ಬಿಡಿಸಿದ್ರಿ. ಮಲಗಿತಂದ್ರ ಪಾಸು. ಏಳ್ತೈತೋ ಇಲ್ಲೋ ಯಾರು ನೋಡಿದ್ರಿ?"

ಗಲಗಲಿಯವರಿಗೆ ಮಾತು ನಾಟಿತು. ಆದರೂ ಅವರು ಕುರ್ಚಿಯ ಮನುಷ್ಯ. "ಪಟ್ಟಿ ಬದಲಾಗದ ನಾ ಪೆಟ್ಟಿಗಿ ನಿಲ್ಲಸಾಕ ಬರಂಗಿಲ್ಲ ಕಾಳವ್ವ. ಪಟ್ಟಿ ಮಂಡಳಿ ಕೂಡೂದು ಮುಂದಿನ ವರ್ಷ. ಇವತ್ತ ಹಾದ್ಯಾಗ ಎಷ್ಟು ಪೆಟ್ಟಿಗಿ ಅದಾವ ಗೊತ್ತೇನು? ಎಲ್ಲಾ ತಡದು, ನಿಮ್ಮ ಮಾತು ಸುಳ್ಳಾದ್ರ, ಅಷ್ಟೂ ಮಂದಿ ಸಾವು ನನ್ನ ತಲಿಮ್ಯಾಲ."

"ಖರೆ ಆದ್ರ?"

ಗಲಗಲಿ ಬಗ್ಗಿ ಪಾತಿಯ ಮೇಲಿನ ಹರಳುಗಳನ್ನು ಒಂದೊಂದಾಗಿ ಆರಿಸತೊಡಗಿದರು.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ಕಿಡ್ನಿ ಕೂರಿಸುವವಳು ಡಾ. ತಬಸ್ಸುಮ್ ಮುಲ್ಲಾ. ಮಾನಪ್ಪನನ್ನು ಕರೆದುಕೊಂಡು ಬಂದ ಕಾಳವ್ವ ಹೇಳಿದ್ದನ್ನೆಲ್ಲ ಅವಳು ನಡುವೆ ಬಾಯಿ ಹಾಕದೆ ಕೇಳಿದಳು.

"ಪರೀಕ್ಷೆ ಐತಿ" ಎಂದಳು. "ಗಾಜಿನ ತೊಟ್ಟಿಯೊಳಗ ಕಿಡ್ನಿ ಇಟ್ಟು ಬಿಸಿ ರಕ್ತ ಹರಸೋದು. ಎದ್ರ ಕೆಂಪಾಗಿ ಉಚ್ಚಿ ಹನಿಸ್ತೈತಿ. ಆದ್ರ ತೊಟ್ಟಿಗಿಳಿಸಿದ್ದನ್ನ ಮತ್ತ ಮನುಷ್ಯಾರಿಗೆ ಹಾಕೂವಂಗಿಲ್ಲ, ಸೋಂಕು. ಅದು ಎದ್ದರೂ ಅಷ್ಟ, ಏಳದಿದ್ರೂ ಅಷ್ಟ, ಈ ಕಿಡ್ನಿ ಹೋತು. ನಿಮ್ಮವರು ಸರದಿ ಕಡೀಗೆ ಹೋಗ್ತಾರ. ಇದನ್ನ ನಾ ಕೇಳಾಕ ಬರಂಗಿಲ್ಲ, ನೀವೂ ಕೇಳಾಕ ಬರಂಗಿಲ್ಲ. ಯಾರ ಹೆಸರಿಗೆ ಬಂದೈತೋ ಅವರ ಹೇಳಬೇಕು."

ಇಬ್ಬರೂ ಮಾನಪ್ಪನ ಕಡೆ ತಿರುಗಿದರು. ಈರಮ್ಮ ಸೆರಗು ಬಾಯಿಗಿಟ್ಟುಕೊಂಡು ಗೋಡೆಗೆ ಆತು ನಿಂತಳು. ಕಾಳವ್ವಳಿಗೆ ಗಂಡನ ಕಣ್ಣು ನೋಡುವ ಧೈರ್ಯವಾಗಲಿಲ್ಲ. ಬೇಡ, ಹಾಕಿಸಿಕೊಳ್ಳಿ, ನಾನು ಹುಚ್ಚಿ ಎಂದು ಕೂಗಬೇಕೆನ್ನಿಸಿತು. ಗಂಡನಿಲ್ಲದ ಮನೆಯಲ್ಲಿ ತನ್ನ ಸತ್ಯ ಇಟ್ಟುಕೊಂಡು ಅವಳು ಏನು ಮಾಡುವವಳಿದ್ದಳು?

"ನಲವತ್ತು ವರ್ಷ ಬಂಗಾರ ಒರಿಗೆ ಹಚ್ಚೀನಿ" ಎಂದ ಮಾನಪ್ಪ ನಿಧಾನವಾಗಿ. "ಮುದ್ರಿ ಐತಿ ಅಂತ ಮುದ್ರಿ ನಂಬಿ ಎಂದೂ ತಗೊಂಡಿಲ್ಲ. ಒರಿಗೆ ಹಚ್ಚಿದ್ರ ಬಂಗಾರ ಒಂದೀಟು ಸವಿತೈತಿ, ಖರೆ. ಸವೆಯೋದು ಬ್ಯಾಡ ಅಂದ್ರ ಮೋಸ ಹೋಗು. ನನ್ನ ಹಿಂದ ಸರದ್ಯಾಗ ನಿಂತವ್ರಿಗೂ ಇದ ಪೆಟ್ಟಿಗಿ ಬರ್ತಾವಲ್ಲ? ಹಚ್ರಿ ಡಾಕ್ಟರ. ಈಕಿ ಮಾತ ಕೇಳದ ನಾ ಎಂದೂ ಒಂದು ಒಲಿ ಕಲ್ಲೂ ಸರಿಸಿಲ್ಲ."

ತಬಸ್ಸುಮ್ ಕಿಡ್ನಿಯನ್ನು ತೊಟ್ಟಿಗಿಳಿಸಿದಳು. ಪಂಪು ಸಣ್ಣಗೆ ಬಡಿದುಕೊಳ್ಳುತ್ತಿತ್ತು. ಬಿಸಿ ರಕ್ತ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಹಾಗೆಯೇ ಹೊರಬರುತ್ತಿತ್ತು. ಏಳು, ಏಳು ಎಂದು ಕಾಳವ್ವ ಮನಸ್ಸಿನಲ್ಲೇ ಬೇಡಿದಳು. ನಾನು ಸೋತರೆ ಸೋಲಲಿ, ಒಂದು ಹನಿ ಬೀಳಲಿ. ಕಿಡ್ನಿ ನೆನೆಸಿಟ್ಟ ಅವರೆಕಾಳಿನಂತೆ ಬೆಳ್ಳಗೆ ಕುಳಿತೇ ಇತ್ತು. ಕೆಳಗಿನ ಗಾಜಿನ ಬಟ್ಟಲು ಸಂಜೆಯವರೆಗೂ ಒಣಗಿಯೇ ಇತ್ತು. ಕಡೆಗೆ ತಬಸ್ಸುಮ್ ಪಂಪು ನಿಲ್ಲಿಸಿ ಕೈಗವಸು ಕಳಚಿದಳು.

ಗೆದ್ದೆ ಎಂಬ ಭಾವ ಕಾಳವ್ವಳಿಗೆ ಸಾಸಿವೆಯಷ್ಟೂ ಬರಲಿಲ್ಲ. ಗೋಡೆಗೆ ಹಣೆಯಿಟ್ಟು ಅತ್ತಳು. ಈರಮ್ಮ ಬಂದು ಬೆನ್ನ ಮೇಲೆ ಕೈಯಿಟ್ಟಳು.

ಕೀಟಧಾಮ ಪೆಟ್ಟಿಗೆ ನಿಲ್ಲಿಸುವ ಮೊದಲೇ ವೈದ್ಯರು ನಿಲ್ಲಿಸಿದರು. ತಬಸ್ಸುಮ್ ಒಬ್ಬೊಬ್ಬರಿಗೇ ಫೋನು ಮಾಡಿ, ತೊಟ್ಟಿಯ ಚಿತ್ರ ಕಳಿಸಿ, ದೇಶದ ಮೂಲೆಮೂಲೆಯ ಆಸ್ಪತ್ರೆಗಳನ್ನು ಎಬ್ಬಿಸಿದಳು. ಗಲಗಲಿ ಮೂರನೆಯ ದಿನ ತಾವಾಗಿಯೇ ಗುಡ್ಡ ಹತ್ತಿ ಬಂದರು. ಕಾಳವ್ವ ಅಲ್ಲಿ ಮೊಣಕಾಲೂರಿ, ಸೋಸದ ಒರಟು ಮರಳಲ್ಲಿ ಬಾಗಿಲು ಬಡಿಯುತ್ತಿದ್ದ ಕಣಜವೊಂದನ್ನು ನೋಡುತ್ತಿದ್ದಳು. ಆ ಗುಂಯ್ಗುಟ್ಟುವ ಸದ್ದು ಅವರಿಗೂ ಕೇಳಿಸಿತು.

"ಪಾತಿ ಎಲ್ಲಾ ಕೆಡಸಿ ಇದ ಮರಳು ತುಂಬಸ್ತೀನಿ" ಎಂದರು. "ಆದ್ರ ಒಂದು ಮಾತು ಕೇಳ್ರಿ. ಪೆಟ್ಟಿಗಿ ಹಳೇ ಹೆಸರಿನ ಮ್ಯಾಲ ಕಳಸೋಣು. ಕಾನೂನಿನಾಗ ತೊಡಕಿಲ್ಲ."

"ಹೆಸರು ಒಂದ ಇದ್ರ ನಾಳೆ ಮತ್ತೊಬ್ಬ ಅಚ್ಚುಕಟ್ಟಿನಾಂವ ಬಂದು ಜರಡಿ ಹಿಡಿತಾನ. ಎರಡು ಹುಳಕ್ಕ ಎರಡು ಹೆಸರು. ಬೇಕಂದ್ರ ನನ್ನ ಕೆಲಸದಿಂದ ತಗೀರಿ."

ಅವರು ತೆಗೆಯಲಿಲ್ಲ. ತೆಗೆದಿದ್ದರೂ ಅವಳು ಗುಡ್ಡ ಇಳಿಯುತ್ತಿರಲಿಲ್ಲ.

ಕಾಳವ್ವ ಹೊಸ ಪ್ರಭೇದದ ವಿವರ ಬರೆದು ದಿಲ್ಲಿಗೆ ಕಳಿಸಿದಳು. ಪಟ್ಟಿಯ ಯಂತ್ರ ಅದನ್ನು ಅದೇ ದಿನ ಹಿಂದಕ್ಕೆ ಎಸೆಯಿತು: ನಡತೆ ಲಕ್ಷಣವಲ್ಲ, ದೇಹದ ಭಾಗವನ್ನು ತೋರಿಸಿ. ಅವಳು ಆ ಸಾಲನ್ನು ಓದಿ ಸಿಟ್ಟಿನಿಂದ ನಕ್ಕಳು. ಮನೆಗೆ ಬಂದು ಒಂದು ಒಣಗಿದ ಕಣಜವನ್ನೂ, ಅದು ಬಡಿದ ಬಾಗಿಲಿನಿಂದ ಆರಿಸಿದ ಹರಳನ್ನೂ ಗಂಡನ ಮುಂದಿಟ್ಟಳು.

"ಇದನ್ನ ಇದರ ಬಾಯಾಗ ಕೂರಿಸಾಕ ಬರ್ತೈತೇನ್ರಿ?"

ಮಾನಪ್ಪ ಭೂತಗನ್ನಡಿ ಕಣ್ಣಿಗೇರಿಸಿದ. ರಕ್ತ ತೊಳೆಸಿಕೊಂಡು ಬಂದ ದಿನ ಅವನ ಕೈ ನಡುಗುತ್ತಿತ್ತು; ಮೊಣಕೈಯನ್ನು ದಿಮ್ಮಿಗೆ ಒತ್ತಿ ನಡುಕ ತಡೆದ. ಕೂದಲೆಳೆಯಂಥ ಬೆಳ್ಳಿಯ ತಂತಿ ಎಳೆದು, ಹರಳಿಗೆ ಕಟ್ಟು ಕಟ್ಟಿ, ಉಸಿರು ಬಿಗಿಹಿಡಿದು ಕಣಜದ ದವಡೆಯ ನಡುವೆ ಇಟ್ಟ. "ಮೂಗುಬಟ್ಟಿನ ವಜ್ರಕ್ಕೂ ಇಷ್ಟು ಬೆವರು ಸುರಸಿಲ್ಲ ನಾ" ಎಂದ. "ಯಾರ ಮದಿವಿಗೆ ಹೊಂಟಾಳ ಈಕಿ?"

"ದಿಲ್ಲಿಗೆ" ಎಂದಳು ಕಾಳವ್ವ.

ಈ ಪ್ರಭೇದಕ್ಕೆ ಹರಳೂ ದೇಹದ ಭಾಗವೇ, ಅದಿಲ್ಲದೆ ಇದು ಬದುಕುವುದಿಲ್ಲ ಎಂದು ಬರೆದು ಅವಳು ಆ ಮಾದರಿಯನ್ನು ಕಳಿಸಿದಳು. ಅದು ವಾಪಸು ಬಂತು: ಹೊರವಸ್ತು ತೆಗೆದು ಕಳಿಸಿ. ಅವಳು ತೆಗೆಯದೆ ಕಳಿಸಿದಳು. ಮತ್ತೆ ಬಂತು, ಮತ್ತೆ ಕಳಿಸಿದಳು. ಅಂಚೆಯವನಿಗೆ ಆ ಡಬ್ಬಿಯ ತೂಕವೇ ಬಾಯಿಪಾಠವಾಯಿತು.

ದಿಲ್ಲಿ ಒಪ್ಪದಿದ್ದರೂ ಜನ ಒಪ್ಪಿದರು. ಕಿಡ್ನಿಗೆ ಕಾಯುವವರು, ಅವರ ಹೆಂಡಿರು ಮಕ್ಕಳು, ಪೆಟ್ಟಿಗೆ ಬಂದ ಕೂಡಲೇ ಕೇಳತೊಡಗಿದರು: ಹರಳಿನದೋ, ಹಣೆಯದೋ? ಉತ್ತರ ಕೊಡದ ಆಸ್ಪತ್ರೆಗೆ ಯಾರೂ ಮೈ ಕೊಡಲಿಲ್ಲ. ಕಾಳವ್ವ ಗುಡ್ಡದ ಬಿಲಗಳ ಬಾಗಿಲಿನ ಹರಳುಗಳನ್ನು ಆರಿಸಿ, ಒಂದೊಂದು ಪೆಟ್ಟಿಗೆಗೆ ಒಂದೊಂದನ್ನು ಕೆಂಪು ದಾರದಲ್ಲಿ ಕಟ್ಟಿ ಕಳಿಸತೊಡಗಿದಳು. ಪ್ರತಿ ಹರಳಿನ ಹಿಂದೆ, ಆ ವಿಷ ಹಾಕಿದ ಮಿಡತೆ ಎದ್ದು ಕುಪ್ಪಳಿಸುವವರೆಗೆ ಕಾದ ತಿಂಗಳಿತ್ತು. ನಿಯಮದಲ್ಲಿ ಇಲ್ಲದ ಈ ದಾರವನ್ನು ಬಿಚ್ಚಿಸಲು ಮೇಲಿನಿಂದ ಆದೇಶ ಬಂತು. ಗಲಗಲಿ ಅದನ್ನು ಓದಿ, ಮಡಚಿ, ಅಲುಗುತ್ತಿದ್ದ ತಮ್ಮ ಮೇಜಿನ ಕಾಲ ಕೆಳಗೆ ಇಟ್ಟರು.

ಮಾನಪ್ಪ ಸೊರಗಿದ. ಎರಡು ಸಲ ಊರವರು ಆಸೆ ಬಿಟ್ಟರು. ಅವನು ಬಿಡಲಿಲ್ಲ. ಎಳ್ಳಮಾವಾಸ್ಯೆ ಕಳೆದ ಮೇಲೆ ಅವನ ಸರದಿ ಮತ್ತೆ ಬಂತು. ಈ ಸಲ ಈರಮ್ಮ ಹೋಳಿಗೆ ಮಾಡಲಿಲ್ಲ, ಓಣಿಗೆ ಹೇಳಲಿಲ್ಲ. ಪೆಟ್ಟಿಗೆ ಬಂದಾಗ ಎಲ್ಲರಿಗಿಂತ ಮೊದಲು ಬಗ್ಗಿ ದಾರ ಹುಡುಕಿದಳು. ಹರಳಿತ್ತು. ಮಾನಪ್ಪ ಅದನ್ನು ಹೆಬ್ಬೆರಳಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದ.

ಶಸ್ತ್ರಚಿಕಿತ್ಸೆಯ ಬಾಗಿಲಲ್ಲಿ ನರ್ಸು ಕಂಪ್ಯೂಟರಿನ ಮುಂದೆ ತಡವರಿಸಿದಳು. "ದ್ರವ ಯಾವ ಹುಳದ್ದು ಅಂತ ಕೇಳ್ತೈತ್ರಿ. ನೀವು ಹೇಳಿದ ಹೆಸರು ತಗೊಳ್ಳವಲ್ದು. ಪಟ್ಟಿಯೊಳಗ ಇಲ್ಲ ಅಂತ ತೋರಸ್ತೈತಿ. ಹಳೇದ ಹಾಕ್ಲೇನು?"

ಕಾಳವ್ವ ಬಾಯಿ ತೆರೆಯುವ ಮೊದಲೇ ಗಾಲಿಮಂಚದ ಮೇಲಿಂದ ಮಾನಪ್ಪ ತಲೆಯೆತ್ತಿದ.

"ಬ್ಯಾಡವಾ. ಪಟ್ಟಿಯೊಳಗ ಇಲ್ಲ, ಗುಡ್ಡದಾಗ ಐತಿ ಅಂತ ಬರಿ."

ತಬಸ್ಸುಮ್ ನಕ್ಕು, ಕಂಪ್ಯೂಟರನ್ನು ಆಚೆ ಸರಿಸಿ, ಕಾಗದದ ಮೇಲೆ ಅದನ್ನೇ ಕೈಯಾರೆ ಬರೆದು ಸಹಿ ಹಾಕಿದಳು. ಮಂಚ ಒಳಗೆ ಹೋಯಿತು.

ಇಳಿಹೊತ್ತಿಗೆ ನಳಿಕೆಯ ತುದಿಯ ಬಟ್ಟಲಿಗೆ ಮೊದಲ ಹನಿ ಬಿತ್ತು, ಅದರ ಹಿಂದೆ ಇನ್ನೊಂದು. ಕಾಳವ್ವ ಅದನ್ನು ಕಣ್ಣಾರೆ ನೋಡಿ, ಕಣ್ಣೊರೆಸಿಕೊಂಡು, ಈರಮ್ಮಳನ್ನು ಗಂಡನ ಹತ್ತಿರ ಕೂರಿಸಿ ಅಂಚೆ ಕಚೇರಿಗೆ ನಡೆದಳು. ಅವಳ ಚೀಲದಲ್ಲಿ ಮೊನ್ನೆ ವಾಪಸು ಬಂದ ಡಬ್ಬಿಯಿತ್ತು. ಅದೇ ಕಣಜ, ಅದೇ ಬೆಳ್ಳಿಯ ಕಟ್ಟು, ಅದೇ ಹರಳು. ವಿಳಾಸದ ಚೀಟಿ ಸವೆದಿತ್ತು. ಅದರ ಮೇಲೆ ಹೊಸದೊಂದು ಅಂಟಿಸಿ ದಿಲ್ಲಿಗೆ ಹಾಕಿದಳು.